ಕಠ್ಮಂಡುವಿನಲ್ಲಿ ನಮ್ಮ ಮಾವ

ನಮ್ಮ ಮಾವನ ಹಿಮ್ಮಡಿಯ ಸೀಳುಗಳಲ್ಲಿ ಬೆಂಕಿಕಡ್ಡಿ ನಿಲ್ಲಿಸಬಹುದಿತ್ತು. ಮಾಡದಕೆರೆಯ ಸುತ್ತಲ ಗುಡ್ಡಗಳಲ್ಲಿ ಐವತ್ತು ವರ್ಷ ಕುರಿ ಕಾಯ್ದ ಕಾಲು ಅದು. ನನ್ನ ಗಂಡನ ತಂದೆಯಾದ ಈ ಮನುಷ್ಯನಿಗೆ ಒಂದು ಕಡೆ ನಿಲ್ಲುವುದೆಂದರೆ ಆಗದು. ಕೈ ತೊಳೆಯುತ್ತಲೇ "ಎದ್ದೇಳ್ರಿ, ಹೋಗಾಣ" ಎನ್ನುವರು. ಎಲ್ಲಿಗೆ ಎಂದು ಕೇಳಿದರೆ ಅವರಿಗೂ ಗೊತ್ತಿರುತ್ತಿರಲಿಲ್ಲ.

ಹೊಸದುರ್ಗದಿಂದ ಕಾಶಿ, ನೇಪಾಳಕ್ಕೆ ಹೊರಟ ಯಾತ್ರೆಯ ಬಸ್ಸಿನಲ್ಲಿ ನಮ್ಮ ಮನೆಯಿಂದ ನಾವಿಬ್ಬರೇ ಹೋದೆವು. ನನ್ನ ಗಂಡನಿಗೆ ರಜೆ ಸಿಗಲಿಲ್ಲ. ಕಠ್ಮಂಡು ತಲುಪಿದ ಸಂಜೆ ಗಂಡನ ಫೋನ್ ಬಂತು. ದತ್ತು ಪಡೆಯಲು ನಾವು ಹೆಸರು ಕೊಟ್ಟು ಮೂರು ವರ್ಷವಾಗಿತ್ತು. ಒಂದು ಹೆಣ್ಣುಮಗು ಇದೆಯಂತೆ, ನಾಳೆ ಸಂಜೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕಂತೆ. "ನಿನ್ನ ಮನಸ್ಸಿಗೆ ಬಂದಂಗೆ ಮಾಡು" ಎಂದು ಪುಣ್ಯಾತ್ಮ ಹೊರೆಯನ್ನೆಲ್ಲ ನನ್ನ ತಲೆಗೆ ಹಾಕಿದ. ಮಾವನಿಗೆ ಈ ವಿಷಯವೇ ಗೊತ್ತಿರಲಿಲ್ಲ. ಯಾವ ಕುಲದ್ದೋ ಏನೋ ಎಂದು ಹಾರಾಡುತ್ತಾರೆಂದು ಮುಚ್ಚಿಟ್ಟಿದ್ದೆವು.

ಮರುದಿನ ಬೆಳಗ್ಗೆ ಮಾವ ತಿಂಡಿಗಾಡಿಯಿಂದ ತಿಂಡಿಗಾಡಿಗೆ ಅಲೆದರು, ನಾನು ಹಿಂದೆ. ಮೋಮೊವನ್ನು "ಕಡುಬು ಸಣ್ಣದಾಗೈತೆ" ಎನ್ನುತ್ತ ಎಂಟು ತಿಂದರು. ಅಕ್ಕಿಹಿಟ್ಟಿನ ಬಳೆಯಂಥ ಸೇಲ್ ರೋಟಿ ಕರಿಯುತ್ತಿದ್ದ ಹೆಂಗಸಿಗೆ ಅಚ್ಚ ಕನ್ನಡದಲ್ಲಿ, "ಏನವ್ವ, ಕೋಡುಬಳೆ ಇಷ್ಟು ದಪ್ಪ ಮಾಡಿದ್ರೆ ಬಾಯಿಗೆ ಹೆಂಗೆ ಹಿಡಿಸ್ಬೇಕು?" ಎಂದರು. ಆಕೆ ನಕ್ಕು ಇನ್ನೊಂದು ಹಾಕಿದಳು. ನಾನು ಏನೂ ತಿನ್ನಲಿಲ್ಲ. ಗಡಿಯಾರ ನೋಡುವುದೇ ಕೆಲಸವಾಗಿತ್ತು.

ನಮ್ಮ ಲಾಡ್ಜಿನ ಹಿಂದೆ ಒಂದು ಮಕ್ಕಳ ಆಶ್ರಮವಿತ್ತು. ಸ್ವೆಟರ್ ಕೊಡುವ ನೆಪದಲ್ಲಿ ಮಾವನನ್ನು ಅಲ್ಲಿಗೆ ಎಳೆದುಕೊಂಡು ಹೋದೆ. ಬೇರೆಯವರ ಮಗುವನ್ನು ಎತ್ತಿಕೊಂಡರೆ ನನ್ನೊಳಗೆ ಏನಾದರೂ ಆಗುತ್ತದೆಯೇ ನೋಡಬೇಕಿತ್ತು. ಏನೂ ಆಗಲಿಲ್ಲ. ಎತ್ತಿಕೊಂಡೆ, ಇಳಿಸಿದೆ, ಅಷ್ಟೆ.

ಮೂಲೆಯಲ್ಲಿ ಮೂರು ವರ್ಷದ ಮಗುವೊಂದು ಯಾರ ಹತ್ತಿರವೂ ಬಾರದೆ ಕುಳಿತಿತ್ತು. ಮಾವ ಅದರೆದುರು ಕುಕ್ಕರಗಾಲಿನಲ್ಲಿ ಕುಳಿತು, ಸೌತೆಕಾಯಿಯ ಗಾಡಿಯವನು ಹೋಳಿನ ಜೊತೆ ಕಟ್ಟಿಕೊಟ್ಟಿದ್ದ ಉಪ್ಪನ್ನು ಅಂಗೈಗೆ ಸುರಿದುಕೊಂಡು ಚಾಚಿದರು. ಬೆದರಿದ ಮರಿಯನ್ನು ಹತ್ತಿರ ಕರೆಯಲು ಕುರಿಯವರು ಮಾಡುವುದೇ ಹಾಗೆ. ಮಗು ಬಂತು, ನೆಕ್ಕಿತು, ಕಿಟಾರನೆ ಕಿರುಚಿತು. ಆ ಉಪ್ಪಿನಲ್ಲಿ ಮೆಣಸಿನಪುಡಿ ಬೆರೆಸಿದ್ದರು!

ಮೇಲ್ವಿಚಾರಕಿ ಓಡಿಬಂದು ಹಿಂದಿಯಲ್ಲಿ ಬೈದಳು. ಮಾವನ ಮುಖ ಸಣ್ಣದಾಯಿತು. "ತಪ್ಪಾತು ಕಣವ್ವ, ತಪ್ಪಾತು" ಎನ್ನುತ್ತ ಮಗುವಿನ ಬಾಯಿ ತೊಳೆದು, ಹೆಗಲಿಗೆ ಹಾಕಿಕೊಂಡು ಅಂಗಳ ಸುತ್ತತೊಡಗಿದರು. ಕಾಲು ಗಂಟೆಯಲ್ಲಿ ಅದು ಅವರ ಕತ್ತು ತಬ್ಬಿ ನಿದ್ದೆಹೋಯಿತು.

"ತಬ್ಬಲಿ ಮರಿನ ಬೇರೆ ಕುರಿಗೆ ಬಿಟ್ರೆ ಮೊದ್ಲು ಒದಿತೈತೆ," ಎಂದರು ನಡೆಯುತ್ತಲೇ. "ನಾವು ಕುರಿನ ಹಿಡ್ಕಂಡು ನಿಂತ್ಕಬೇಕು. ಎರಡು ದಿನ, ಮೂರು ದಿನ. ಆಮೇಲೆ ನಾವು ಮರಿ ಮುಟ್ಟಾಕೆ ಹೋದ್ರೂ ಗುದ್ದಾಕೆ ಬರ್ತೈತೆ."

ನಾನು ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಅವರು ನಿಂತರು.

"ಇಷ್ಟು ದಿನ ನಂಗ್ಯಾಕೆ ಹೇಳ್ಲಿಲ್ಲ?"

"ಯಾರ ಮಗುವೋ ಏನೋ, ಬೇಡ ಅಂತೀರಿ ಅಂತ, ಮಾವ."

"ಅದನ್ನ ಕೇಳಾಕೆ ನಾನ್ಯಾರವ್ವ? ನೀನೇನಾರ ಒದ್ದರೆ ನಾನು ಹಿಡ್ಕಂಡು ನಿಂತ್ಕಂತೀನಿ. ಮಾಡು ಫೋನು."

ಗಂಡನಿಗೆ ಹೂಂ ಎಂದೆ. ಮಗಳು ಮನೆಗೆ ಬಂದ ಹೊಸತರಲ್ಲಿ ಅವಳು ಅತ್ತರೆ ಸಾಕು, ನಾನು ಹಿತ್ತಿಲಿಗೆ ಓಡುತ್ತಿದ್ದೆ. ಮಾವ ಕುರಿಯನ್ನು ಅಣ್ಣನ ಮಗನಿಗೆ ಒಪ್ಪಿಸಿ ನಮ್ಮಲ್ಲೇ ಉಳಿದರು. ಮಗುವನ್ನು ನನ್ನ ಮಡಿಲಿಗೆ ಹಾಕಿ ಹಿತ್ತಿಲ ಬಾಗಿಲಿಗೆ ಅಡ್ಡ ನಿಲ್ಲುವರು. ನಾನು ಸಿಟ್ಟಿನಿಂದ ದುರುಗುಟ್ಟಿದರೆ ಗೋಡೆ ನೋಡುವರು. ಹದಿನೈದು ದಿನ ಹೀಗೇ ನಡೆಯಿತು.

ಅವರು ತೀರಿಕೊಂಡು ಎರಡು ವರ್ಷ. ಮಗಳು ಈಗ ಒಂದನೇ ತರಗತಿ. ಅವಳು ಅಮ್ಮಾ ಎಂದು ಕೂಗಿದಾಗಲೆಲ್ಲ, ಮಾವನಿಗೆ ಹೇಳದೆ ಉಳಿದ ಮಾತೊಂದು ನೆನಪಾಗುತ್ತದೆ. ಅಂದು ಆ ಅಂಗಳದಲ್ಲಿ ನಾನು ಬಾಯಿಬಿಟ್ಟದ್ದು ಅವರ ಒಪ್ಪಿಗೆ ಕೇಳುವುದಕ್ಕಲ್ಲ. ಬೇಡ ಎನ್ನುವ ಮಾತು ಅವರ ಬಾಯಿಂದಲೇ ಬರಲಿ, ಆ ಪಾಪ ಅವರ ತಲೆಗೇ ಬರಲಿ ಎಂದು.