ಮಸಿಬಟ್ಟೆಗೆ ಹತ್ತಿದ ಗೇರ್ ಎಣ್ಣೆ

ಬೆಳಿಗ್ಗೆ ಹೋಟೆಲಿನ ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಇಳಿಸಲೆಂದು ಮಸಿಬಟ್ಟೆ ಎತ್ತಿಕೊಂಡೆ. ಗಂಧಕದಂಥ ವಾಸನೆ ಮೂಗಿಗೆ ಬಡಿಯಿತು. ಕಾರಿನ ಗೇರ್ ಎಣ್ಣೆ. ನಿಮಗೆ ಅದರ ಪರಿಚಯವಿಲ್ಲದಿದ್ದರೆ ನೀವು ಪುಣ್ಯವಂತರು. ಚೆನ್ನೈ ಟಿ. ನಗರದ ನಮ್ಮ ಹೋಟೆಲಿನಲ್ಲಿ ಇಂಗಿಗೆ ಎದುರು ನಿಲ್ಲುವ ಧೈರ್ಯ ಮಾಡಿದ ವಾಸನೆ ಅದೊಂದೇ. ಅದನ್ನು ಮನೆಗೆ ತಂದವಳು ನನ್ನ ಮಗಳು ಶ್ರಾವ್ಯ. ಅವಳು ರೇಸ್ ಕಾರು ಓಡಿಸುತ್ತಾಳೆ. ಇದನ್ನು ಕೇಳದವರಿಗೂ ಹೇಳುವವನು ನಾನು, ನಿಮ್ಮನ್ನು ಬಿಡುತ್ತೇನೆಯೇ?

ಕುಂದಾಪುರದ ಕಡೆಯಿಂದ ಬಂದ ನಮ್ಮಪ್ಪ ಕಟ್ಟಿದ ಹೋಟೆಲು ಇದು. ತಿರುಗುವ ವಸ್ತು ಎಂದರೆ ನನಗೆ ಗೊತ್ತಿರುವುದು ಗ್ರೈಂಡರಿನ ಕಲ್ಲು ಮಾತ್ರ. ಆದರೂ ಕೆಲವು ವರ್ಷಗಳ ಹಿಂದೆ ಮಗಳು ತಂಡದ ಕಾರಿಗೆ ಡಿಫರೆನ್ಷಿಯಲ್ ಆರಿಸುವ ಚಿಂತೆಯಲ್ಲಿದ್ದಾಗ ಸಲಹೆ ಕೊಡಲು ಹಿಂದೆಮುಂದೆ ನೋಡಲಿಲ್ಲ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಅದಕ್ಕೆ ಅವಕಾಶ ಕೊಡುವ ಗೇರುಗಳ ಪೆಟ್ಟಿಗೆಯೇ ಈ ಡಿಫರೆನ್ಷಿಯಲ್. ಕಾರಿಗೆ ಬಲ ಜಾಸ್ತಿಯಾದರೆ ಒಂದು ಚಕ್ರ ಜಾರಿ ಸುಮ್ಮನೆ ಗರಗರ ತಿರುಗುತ್ತದೆ, ಬಲವೆಲ್ಲ ಅಲ್ಲೇ ಸೋರಿಹೋಗುತ್ತದೆ. ಆ ಜಾರುವಿಕೆಗೆ ಕಡಿವಾಣ ಹಾಕುವುದೇ ಲಿಮಿಟೆಡ್ ಸ್ಲಿಪ್. ಎಷ್ಟು ಬಿಗಿ ಎಂಬುದು ಪ್ರಶ್ನೆ. ಸದಾ ಬಿಗಿಯಾಗಿಯೇ ಹಿಡಿದಿರುವಂಥದ್ದು ಬೇಕೆಂದರು ತಂಡದ ಮ್ಯಾನೇಜರು. ವೇಗ ಕೊಟ್ಟಾಗ ಬಿಗಿದು, ಕಾಲು ತೆಗೆದಾಗ ಸಡಿಲವಾಗುವಂಥದ್ದು ಬೇಕೆಂದಳು ಮಗಳು. ನಿನ್ನಿಷ್ಟದ್ದೇ ಹಾಕು, ಆದರೆ ಕಾರು ಜಾರಿತೋ ಮುಂದಿನ ರೇಸಿಗೆ ಬೇರೆಯವರು ಕೂರುತ್ತಾರೆ ಎಂದರಂತೆ ಅವರು.

ನಾನೂ ಅವರ ಪಕ್ಷವೇ. "ಗಟ್ಟಿ ಹಿಡ್ಕೊಂಬುದೇ ಒಳ್ಳೇದಲ್ವಾ ಮಾರಾಯ್ತಿ?" ಎಂದೆ.

ನಮ್ಮ ಕನ್ನಡಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುವ ಹುಡುಗಿ ಅವತ್ತು ಪದ ಹುಡುಕಿ ಹುಡುಕಿ ಕನ್ನಡದಲ್ಲೇ ಹೇಳಿದಳು: "ಅಪ್ಪಾ, ಸಾಂಬಾರ್ ಕೊಪ್ಪರಿಗೆ ತರುವವರು ಮೂಲೆಯಲ್ಲಿ ಎಂತ ಮಾಡ್ತಾರೆ? ಹೊರಗಿನವರು ಬೇಗ ಹೋಗ್ತಾರೆ, ಒಳಗಿನವರು ಸ್ವಲ್ಪ ಬಿಟ್ಟುಕೊಡ್ತಾರೆ. ಕಾಲು ಜಾರಿದ್ರೆ ಮಾತ್ರ ಗಟ್ಟಿ. ಯಾವಾಗ್ಲೂ ಗಟ್ಟಿ ಹಿಡ್ಕೊಂಡ್ರೆ ತಿರುಗುದು ಹೇಗೆ, ಸೊಲ್ಲುಂಗಪ್ಪಾ."

‘ನೀವೇ ಹೇಳಿ ಅಪ್ಪಾ’ ಎನ್ನುವಲ್ಲಿಗೆ ಮತ್ತೆ ತಮಿಳು. ಅವಳು ಹೇಳಿದ್ದು ನಮ್ಮ ಅಡುಗೆಮನೆಯ ಕ್ರಮ. ಕುದಿಯುವ ಕೊಪ್ಪರಿಗೆಯ ಎರಡು ಹಿಡಿಗಳಿಗೆ ಮಸಿಬಟ್ಟೆ ಸುತ್ತಿ ಇಬ್ಬರು ಎತ್ತುತ್ತಾರೆ. ಕೈ ತೊಳೆಯುವಲ್ಲಿನ ಒದ್ದೆ ತಿರುವಿನಲ್ಲಿ ಒಬ್ಬನ ಕಾಲು ಜಾರಿದರೆ ಇನ್ನೊಬ್ಬ ಮಾತಿಲ್ಲದೆ ಭಾರವನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಹೊಸಬರನ್ನು ಜೋಡಿ ಮಾಡುವ ಮೊದಲು ಅಪ್ಪ ಕೊಪ್ಪರಿಗೆಗೆ ತಣ್ಣೀರು ತುಂಬಿಸಿ ಆ ತಿರುವಿನಲ್ಲಿ ನಡೆಸಿ ನೋಡುತ್ತಿದ್ದರು. ಶಾಲೆ ಬಿಟ್ಟು ಬಂದ ಶ್ರಾವ್ಯ ಗಲ್ಲಾದ ಪಕ್ಕದಲ್ಲಿ ಕೂತಿರುತ್ತಿದ್ದಳು. ಅವಳು ದೋಸೆ ತಿನ್ನುತ್ತಿದ್ದಾಳೆಂದೇ ನಾನು ತಿಳಿದಿದ್ದೆ.

ಅವಳು ತನ್ನಿಷ್ಟದ್ದನ್ನೇ ಹಾಕಿಸಿದಳು. ರೇಸಿನ ದಿನ ತುಂತುರು ಮಳೆ. ಚೆನ್ನೈಯ ಮಳೆಗೆ ಬೇಕಾದಾಗ ಬರುವ ಅಭ್ಯಾಸವಿಲ್ಲ. ಕೊನೆಯ ಸುತ್ತು, ನಾನು ಕೂತಲ್ಲಿಗೆ ಎದುರಿನ ತಿರುವಿನಲ್ಲೇ ಅವಳ ಮುಂದಿದ್ದ ಕಾರು ಅಡ್ಡ ತಿರುಗಿ ಹುಲ್ಲಿಗಿಳಿಯಿತು. ಅವಳದ್ದು ಬಂತು. ಹಿಂದಿನ ಒಂದು ಚಕ್ರ ನೀರಿನಲ್ಲಿ ಜಾರಿದ್ದು ನನಗೇ ಕಾಣಿಸಿತು. ನನ್ನ ಎರಡೂ ಕೈ ತಾವಾಗಿಯೇ ಗಾಳಿಯಲ್ಲಿ ಕೊಪ್ಪರಿಗೆಯ ಹಿಡಿ ಹಿಡಿದವು. ಮರುಕ್ಷಣ ಇನ್ನೊಂದು ಚಕ್ರ ನೆಲ ಕಚ್ಚಿ ಕಾರು ನೆಟ್ಟಗೆ ಹೊರಟುಹೋಯಿತು.

ಎರಡನೆಯವಳಾಗಿ ಬಂದಳು. ಮುಂದಿನ ರೇಸಿಗೂ ಅವಳೇ ಕೂತಳು. ಹುಡುಗಿ ಇದನ್ನೆಲ್ಲ ಎಲ್ಲಿ ಕಲಿತಳೆಂದು ಮ್ಯಾನೇಜರು ಕೇಳಿದಾಗ, ನಮ್ಮ ಹೋಟೆಲಿನಲ್ಲಿ ಎಂದೆ. ಅವರು ನಕ್ಕರು. ನಾನು ನಗಲಿಲ್ಲ, ಅಷ್ಟು ಹೆಮ್ಮೆಯಾಗಿತ್ತು.

ನಿನ್ನೆ ಪೋರೂರಿನ ನಮ್ಮ ಮನೆಯ ಕೆಳಗೆ ಅವಳು ಕಾರಿನಡಿ ಮಲಗಿ ಗೇರ್ ಎಣ್ಣೆ ಬದಲಿಸುವಾಗ, ಒಗೆಯಲು ತಂದಿದ್ದ ಹೋಟೆಲಿನ ಬಟ್ಟೆಗಳಲ್ಲಿ ಕೈಗೆ ಸಿಕ್ಕಿದ್ದು ಇದು. ಒಗೆದರೂ ವಾಸನೆ ಬಿಟ್ಟಿಲ್ಲ. ಇನ್ನು ಅಡುಗೆಗಂತೂ ಆಗದು. ಎಸೆಯಲು ಹೋದವನು, ಗಲ್ಲಾದ ಹಿಂದೆ ಅಪ್ಪನ ಪಟದ ಕೆಳಗಿನ ಮೊಳೆಗೆ ನೇತುಹಾಕಿದೆ. ಮಧ್ಯಾಹ್ನ ಗಿರಾಕಿಯೊಬ್ಬರು ಮೂಗು ಮುಚ್ಚಿಕೊಂಡು ಇದೆಂಥ ವಾಸನೆ ಎಂದರು. ಕೂರಿ, ಹೇಳುತ್ತೇನೆ ಎಂದೆ. ಅವರ ಕಾಫಿ ಆರಿ ತಣ್ಣಗಾಯಿತು. ನನ್ನ ಕಥೆಯಲ್ಲಿ ಕಾರು ಇನ್ನೂ ಆ ತಿರುವಿಗೆ ಬಂದಿರಲಿಲ್ಲ.