ಕೆರೆಕಟ್ಟೆಯ ಬುಧವಾರಗಳು

2003ರಲ್ಲಿ ನಾನು ಕೊಪ್ಪದ ಒಂದು ಮೆಡಿಕಲ್ ಟ್ರಸ್ಟಿನ ಫೈನಾನ್ಸ್ ಆಫೀಸರ್. ಕೊಪ್ಪದಲ್ಲಿ ಪುಟ್ಟ ಆಸ್ಪತ್ರೆ, ಶೃಂಗೇರಿ ಮತ್ತು ನರಸಿಂಹರಾಜಪುರದಲ್ಲಿ ಒಂದೊಂದು ಕ್ಲಿನಿಕ್, ಕೆರೆಕಟ್ಟೆ ಎಂಬ ಹಳ್ಳಿಯಲ್ಲಿ ಬುಧವಾರ ಮಾತ್ರ ತೆರೆಯುವ ಬಾಡಿಗೆ ಕೋಣೆ. ಇಷ್ಟೇ ನಮ್ಮ ಸಂಸಾರ.

ಆ ವರ್ಷ ಕೆರೆಕಟ್ಟೆಯನ್ನು ಮುಚ್ಚುವ ಮಾತು ಬೋರ್ಡ್ ಮೀಟಿಂಗಿಗೆ ಬಂತು. ಡೊನೇಶನ್ ಬರುತ್ತಿರಲಿಲ್ಲವೆಂದಲ್ಲ. ಬಂದದ್ದೆಲ್ಲ ಕಟ್ಟಡಕ್ಕೆ, ಮಂಚಕ್ಕೆ, ಫ್ಯಾನಿಗೆ, ಎಲ್ಲದರ ಮೇಲೂ ದಾನಿಯ ಹೆಸರು. ನರ್ಸಿನ ಸಂಬಳದ ಮೇಲೆ ಹೆಸರು ಬರೆಸುವುದು ಹೇಗೆ? ಅಲ್ಲಿನ ನರ್ಸ್ ಲಲಿತಾ ಬಸುರಿಯರ ಬಿ.ಪಿ. ನೋಡುತ್ತಿದ್ದಳು, ಶುಗರ್ ಇದ್ದವರಿಗೆ ಮಾತ್ರೆ ಕೊಡುತ್ತಿದ್ದಳು. ಮುಚ್ಚಿದರೆ ಅವರೆಲ್ಲ ಶೃಂಗೇರಿಯ ಬಸ್ಸು ಕಾಯಬೇಕು.

ಅಷ್ಟರಲ್ಲಿ ಕಿಗ್ಗದ ಕಡೆಯ ತೋಟದ ಯಜಮಾನರಾದ ಸುಬ್ರಾಯರು ತಾಯಿಯ ಹೆಸರಿನಲ್ಲಿ ಕೆರೆಕಟ್ಟೆಗೆ ಸ್ವಂತ ಕಟ್ಟಡ ಕಟ್ಟಿಸುತ್ತೇನೆ ಎಂದು ಬಂದರು. ಬೋರ್ಡಿಗೆ ಖುಷಿ. ಕಟ್ಟಡದೊಳಗೆ ಕೂರುವ ನರ್ಸಿಗೆ ಸಂಬಳ ಎಲ್ಲಿಂದ ಎಂಬುದು ನನ್ನ ಚಿಂತೆ. ಕಾರ್ಪಸ್, ಎಂಡೋಮೆಂಟ್ ಎಂದು ಸುಬ್ರಾಯರಿಗೆ ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ ಒಂದಷ್ಟು ವಿವರಿಸಿದೆ: ಕಟ್ಟಡದ ಬದಲು ಆ ಹಣವನ್ನು ಬ್ಯಾಂಕಿನಲ್ಲಿಟ್ಟು, ಅಸಲು ಮುಟ್ಟದೆ ಇಂಟರೆಸ್ಟಿನಲ್ಲೇ ಸಂಬಳ ಕೊಡುವುದು.

“ಅದೆಂತ ಮಾರಾಯ್ರೆ, ದೇವಸ್ಥಾನದ ಶಾಶ್ವತ ಪೂಜೆ ಅಲ್ವಾ ಇದು?” ಎಂದರು.

ಹೌದು, ಅದೇ. ಒಮ್ಮೆ ಹಣ ಕಟ್ಟಿದರೆ ಪ್ರತಿವರ್ಷ ಹೇಳಿದ ದಿನ ಪೂಜೆ. ನನಗೇ ಹೊಳೆದಿರಲಿಲ್ಲ. ಸುಬ್ರಾಯರು ಮಾತ್ರ ಅಲ್ಲಿಗೇ ಬಿಡಲಿಲ್ಲ.

“ನಮ್ಮಜ್ಜ ಕಟ್ಟಿದ ನೂರು ರೂಪಾಯಿಗೆ ಆಗ ಪಾಯಸ ಆಗ್ತಿತ್ತಂತೆ. ಈಗ ಅದರ ಬಡ್ಡಿಗೆ ಒಂದು ಕಾಯೂ ಬರುದಿಲ್ಲ. ದೇವರು ಸುಮ್ಮನಿರ್ತಾನೆ. ನಿಮ್ಮ ನರ್ಸಮ್ಮ ಸುಮ್ಮನಿರ್ತಾಳಾ?”

ಡೆಪಾಸಿಟ್ ಬಡ್ಡಿ ಇಳಿಯುತ್ತಿದ್ದ ಕಾಲ ಅದು. ಅರ್ಧ ಬಡ್ಡಿ ಮಾತ್ರ ಸಂಬಳಕ್ಕೆ, ಉಳಿದರ್ಧ ಮತ್ತೆ ಅಸಲಿಗೆ, ಆಗ ಬೆಲೆ ಏರಿದರೂ ನಿಧಿ ಸೊರಗುವುದಿಲ್ಲ ಎಂದೆ. ಆದರೆ ಆ ಅರ್ಧ ಬಡ್ಡಿಯಲ್ಲಿ ಹದಿನೈದು ದಿನಕ್ಕೊಂದು ಬುಧವಾರ ಮಾತ್ರ ಸಾಧ್ಯ.

“ಕಟ್ಟಡವೂ ಇಲ್ಲ, ಹೆಸರಿನ ಕಲ್ಲೂ ಇಲ್ಲ, ಇದ್ದ ಬುಧವಾರದಲ್ಲೂ ಅರ್ಧ ಹೋಯ್ತು! ಒಳ್ಳೆ ವ್ಯಾಪಾರಸ್ಥರು ನೀವು,” ಎಂದು ನಕ್ಕು ಚೆಕ್ ಬರೆದರು.

ಸುದ್ದಿ ಕೇಳಿ ಲಲಿತಾ ನಗಲಿಲ್ಲ. “ನಡುವಿನ ವಾರ ಬಂದವರಿಗೆ ಎಂತ ಹೇಳ್ಲಿ ಮೇಡಂ?”

ಮುಂದಿನ ವಾರ ಬರಲು ಹೇಳು ಎಂದೆ. ಕೆಲವರು ಶೃಂಗೇರಿಗೆ ಹೋದರು, ಕೆಲವರು ಎಲ್ಲಿಗೂ ಹೋಗಲಿಲ್ಲ.

ಸುಬ್ರಾಯರನ್ನು ನೋಡಿ ಇನ್ನೂ ಕೆಲವರು ತಮ್ಮ ಹಿರಿಯರ ಹೆಸರಿನಲ್ಲಿ ಅದೇ ನಿಧಿಗೆ ಕಟ್ಟಿದರು. 2009ರಲ್ಲಿ, ನಾನು ರಿಟೈರ್ ಆಗುವ ಮುಂಚೆ, ಪ್ರತಿ ಬುಧವಾರವೂ ತೆರೆಯುವಷ್ಟು ಬಡ್ಡಿ ಬರತೊಡಗಿತು. ಲಲಿತಾಳಿಗೆ ಫೋನ್ ಮಾಡಿ ಹೇಳಿದೆ.

“ಒಳ್ಳೇದಾಯ್ತು ಮೇಡಂ. ಆದ್ರೆ ಜನ ನಂಬಿ ಬರ್ಲಿಕ್ಕೆ ಸ್ವಲ್ಪ ದಿನ ಬೇಕು,” ಎಂದಳು.

ಮುಂದಿನವರಿಗೆಂದು ನಾವು ಉಳಿಸುವ ಹಣವನ್ನು ದಾನಿಗಳಷ್ಟೇ ಕೊಟ್ಟಿರುವುದಿಲ್ಲ. ಆ ಹೊತ್ತಿಗೆ ಕಾಯಿಲೆ ಬಿದ್ದವರೂ, ಬಾಗಿಲು ಹಾಕಿದ್ದು ನೋಡಿ ಹಿಂತಿರುಗಿ ನಡೆದು, ತಮ್ಮ ಪಾಲು ಕೊಟ್ಟಿರುತ್ತಾರೆ. ಕೆಲಸ ನನಗೆ ಕಲಿಸಿದ್ದು ಇಷ್ಟು.