ಅವ್ವ ಗುಮ್ಮಟ ನೋಡಿ ಬಂದ ದಿನ

ಹೈದರಾಬಾದು ಇನ್ನೂ ಒಡೆಯದ ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ಕೊನೆಯ ವರ್ಷಗಳ ಮಾತು. 2010 ಎಂದು ನಾನು, 2011 ಎಂದು ನನ್ನ ಹೆಂಡತಿ ವಿಜಯಾ. ಹಳೆಯ ಪಾಸ್‌ಪೋರ್ಟ್ ತೆಗೆದು ನೋಡಿದರೆ ಮುದ್ರೆಯಲ್ಲಿ ಮೇ 2011 ಎಂದಿದೆ. ಇದನ್ನು ಮೊದಲೇ ಯಾಕೆ ಹೇಳುತ್ತೇನೆಂದರೆ, ಮುಂದೆ ಬರುವ ಒಂದು ಮಾತನ್ನು ನಾನು ನಿಜವಾಗಿ ಆಡಿದೆನೋ, ನನ್ನ ತಲೆ ಆಮೇಲೆ ಸೇರಿಸಿಕೊಂಡಿತೋ ನನಗೇ ಗೊತ್ತಿಲ್ಲ. ಅದಕ್ಕೆ ಯಾವ ಮುದ್ರೆಯೂ ಇಲ್ಲ.

ನಾನು ಓದಿದ್ದು ರಸಾಯನಶಾಸ್ತ್ರ. ಕೆಲಸ ಹೈದರಾಬಾದಿನ ಕೈಗಾರಿಕಾ ಬಡಾವಣೆ ನಾಚಾರಂನ ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ, ಮನೆಯೂ ಅಲ್ಲೇ ಹತ್ತಿರ. ಒಂದು ಕಡೆ ಕೂತರೆ ಕಾಲು ಸುಮ್ಮನಿರದ ಸ್ವಭಾವ ನನ್ನದು. ಆ ವರ್ಷ ಹತ್ತು ದಿನ ಇಟಲಿಗೆ ಹೋಗುವುದೆಂದಾಯಿತು, ಅವ್ವನನ್ನೂ ಕರೆದುಕೊಂಡು. ಅವ್ವನಿಗೆ ಆಗ ಅರವತ್ತೆಂಟು. ವಿಜಾಪುರದಲ್ಲಿ ಹುಟ್ಟಿ, ಮದುವೆಯಾಗಿ ಹೈದರಾಬಾದಿಗೆ ಬಂದವಳು.

ಮುಖ್ಯವಾಗಿ ನೋಡಬೇಕಾಗಿದ್ದದ್ದು ಫ್ಲಾರೆನ್ಸ್. ಇಳಿದುಕೊಳ್ಳುವುದು ಎಲ್ಲಿ ಎಂಬುದಕ್ಕೇ ಒಂದು ವಾರ ವಾದ ನಡೆಯಿತು.

"ಊರ ನಡುವ ಇಳಕೊಳ್ಳೂಣ್ರಿ. ಹೊರಗ ಕಾಲಿಟ್ರ ಎಲ್ಲಾ ಕಾಣಬೇಕು," ಎಂದಳು ವಿಜಯಾ.

"ಅಲ್ಲಿ ಭಾಳ ಗದ್ದಲ. ರೈಲಿನ್ಯಾಗ ಅರ್ಧ ತಾಸು ಹೋದ್ರ ಪ್ರಾತೋ ಅಂತ ಊರೈತಿ. ನಾವು ಕೋಠಿ ಪ್ಯಾಟಿಗೆ ಹೋಗಾಕ ಇದರ ಎರಡು ಪಟ್ಟು ಹೊತ್ತು ಬಸ್ಸಿನ್ಯಾಗ ನಿಂದರತೀವಿ."

"ಆ ಊರಾಗ ಏನೈತಿ?"

"ಬಟ್ಟಿ ಗಿರಣಿ."

"ಹಂಗಂದ್ರ ನಾಚಾರಂ ಬಿಟ್ಟು ನಾಚಾರಂಗ ಹೊಂಟೀವಿ ಅನ್ರಿ."

ನಾನು ಹಾಳೆಯ ಮೇಲೆ ಬರೆದು ತೋರಿಸಿದೆ. ನೆಲಮಹಡಿಯ ಮನೆ, ಅಡುಗೆ ಮಾಡಿಕೊಳ್ಳಲು ಒಲೆ, ಅವ್ವನಿಗೆ ದಣಿವಾದರೆ ಮಲಗಲು ಕೋಣೆ. ಅವ್ವನ ಅನುಕೂಲ ಎಂದ ಮೇಲೆ ವಿಜಯಾ ಸುಮ್ಮನಾದಳು. ಅವ್ವ ಅಲ್ಲೇ ಕೂತು ಶೇಂಗಾ ಚಟ್ನಿಯ ಡಬ್ಬಿಗೆ ಅರಿವೆ ಸುತ್ತುತ್ತಿದ್ದಳು. ಅವಳನ್ನು ನಾವಿಬ್ಬರೂ ಕೇಳಲಿಲ್ಲ. ಇದು ಮಾತ್ರ ನನಗೆ ಖಚಿತವಾಗಿ ನೆನಪಿದೆ.

ಪ್ರಾತೋದ ಮನೆಯೊಡತಿಯ ಹೆಸರು ರೊಸಾನ್ನಾ. ಅವ್ವನ ವಯಸ್ಸಿನ ವಿಧವೆ, ಮುಂದಿನ ಎರಡು ಕೋಣೆ ಬಾಡಿಗೆಗೆ ಕೊಟ್ಟು ಹಿಂದೆ ತಾನಿರುತ್ತಿದ್ದಳು. ಅಡುಗೆಮನೆ ಎಲ್ಲರಿಗೂ ಒಂದೇ. ರೊಸಾನ್ನಾಳಿಗೆ ತುಸು ಇಂಗ್ಲಿಷ್ ಮಾತಾಡಲು ಬರುತ್ತಿತ್ತು, ಬರೆಯಲು ಬಾರದು. ಅವ್ವನಿಗೆ ಅದೂ ಇಲ್ಲ. ಮನೆಯಿಂದ ಹೊರಗೆ ತೆಲುಗು ಎಂಬುದು ಅವ್ವನಿಗೆ ಅಭ್ಯಾಸವಾಗಿತ್ತು. ಹಾಗಾಗಿ ರೊಸಾನ್ನಾಳ ಜೊತೆ ತೆಲುಗಿನಲ್ಲೇ ಶುರು ಮಾಡಿದಳು. ಆಕೆ ಇಟಾಲಿಯನ್‌ನಲ್ಲಿ ಉತ್ತರ ಕೊಟ್ಟಳು. ಇಬ್ಬರೂ ಬದನೆಕಾಯಿ ಹೆಚ್ಚುತ್ತ ಒಂದು ತಾಸು ಮಾತಾಡಿದರು.

ಮೊದಲ ದಿನ ಅವ್ವನ ಕಾಲು ಬಾತಿತ್ತು. "ನೀವು ಹೋಗಿ ಬರ್ರಿ," ಅಂದಳು. ನಾವು ಹೋಗಿ ಬಂದೆವು. ಎರಡನೆಯ ದಿನ ಬಾವು ಇಳಿದಿತ್ತು, ಆದರೂ "ಮೊಣಕಾಲು ಬ್ಯಾಡ ಅಂತಾವ, ನೀವು ಹೋಗಿ ಬರ್ರಿ" ಅಂದಳು. ಮೂರನೆಯ ದಿನವೂ ಹಾಗೆಯೇ. ಸಂಜೆ ಬಂದಾಗ ಬಿಸಿ ಅನ್ನ, ಸಾರು ಇರುತ್ತಿತ್ತು. ಏನೇನು ನೋಡಿದಿರಿ ಎಂದು ಅವಳು ಕೇಳುತ್ತಿದ್ದಳು, ನಾನು ಉಣ್ಣುತ್ತ ಹೇಳುತ್ತಿದ್ದೆ. ನನ್ನ ಯೋಜನೆ ಎಷ್ಟು ಸರಿಯಾಗಿತ್ತು ಎಂದು ಒಳಗೇ ಹಿಗ್ಗುತ್ತಿದ್ದೆ.

ನಾಲ್ಕನೆಯ ದಿನ ಸುಮಾರು ನಾಲ್ಕು ಗಂಟೆಗೇ ಮರಳಿದೆವು. ಬಾಗಿಲು ತೆಗೆದು ಕೂಗಿದರೆ ಉತ್ತರವಿಲ್ಲ. ಕೋಣೆ ಖಾಲಿ, ರೊಸಾನ್ನಾಳ ಕಡೆಯೂ ಬೀಗ. ಅವ್ವನ ಮಧ್ಯಾಹ್ನದ ಬಿಪಿ ಗುಳಿಗೆ ಮೇಜಿನ ಮೇಲೇ ಇತ್ತು. ಪಕ್ಕದಲ್ಲಿ ಇಟಾಲಿಯನ್‌ನಲ್ಲಿ ಬರೆದ ಒಂದು ಚೀಟಿ. ನಮಗೆ ಒಂದಕ್ಷರ ತಿಳಿಯಲಿಲ್ಲ.

"ಆಸ್ಪತ್ರಿಗೆ ಒಯ್ದಿರ್ಬೇಕ್ರಿ," ಎಂದಳು ವಿಜಯಾ.

ಚೀಟಿ ಹಿಡಿದು ಬೀದಿಗೆ ಓಡಿದೆ. ಎದುರಿನ ಅಂಗಡಿಯವನು ಓದಿ, ಗಡಿಯಾರ ತೋರಿಸಿ, ರೈಲು ನಿಲ್ದಾಣದ ಕಡೆ ಕೈ ಮಾಡಿದ. ಯಾಕೆ, ಏನು ಎಂದು ಅವನಿಗೆ ಹೇಳಲು ಬರಲಿಲ್ಲ, ನನಗೆ ಕೇಳಲು ಬರಲಿಲ್ಲ. ನಿಲ್ದಾಣದಲ್ಲಿ ಎರಡು ರೈಲು ಬಂದು ಹೋದವು. ಮಾತೇ ಬಾರದ ಊರಿನಲ್ಲಿ ಅವಳಿಗೆ ಏನಾದರೂ ಆಗಿದ್ದರೆ, ಈ ಊರನ್ನು ಆರಿಸಿದವನು ನಾನು. ಆ ಹೊತ್ತಿನಲ್ಲಿ ತಲೆಯಲ್ಲಿ ಇದ್ದದ್ದು ಇದೊಂದೇ.

ಮೂರನೆಯ ರೈಲಿನಿಂದ ಅವ್ವ ಇಳಿದಳು. ಇಳಕಲ್ಲ ಸೀರೆ, ಮೇಲೆ ರೊಸಾನ್ನಾಳ ಸ್ವೆಟರು. ಆಕೆಯ ತೋಳು ಹಿಡಿದುಕೊಂಡು, ಏನನ್ನೋ ಹೇಳಿ ನಗುತ್ತ ಬರುತ್ತಿದ್ದಳು. ನಮ್ಮನ್ನು ಕಂಡದ್ದೇ ನಗು ನಿಂತಿತು. ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಹೆಜ್ಜೆ ಸಣ್ಣದು ಮಾಡಿದಳು.

"ಭಾಳ ಹೊತ್ತಾತೇನು? ಚಾ ಕುಡದ್ರೇನು ನೀವು?" ಎಂದಳು.

ಅವಳ ಕೈಯಲ್ಲಿ ಮಡಿಸಿದ ಒಂದು ಹಾಳೆ ಇತ್ತು. ನೋಡಿದೆ. ಯಾವುದೋ ವರ್ಷ ನಮ್ಮ ಕಾರ್ಖಾನೆಗೆ ಯಂತ್ರ ಮಾರಿದವರು ಕೊಟ್ಟಿದ್ದ ಕ್ಯಾಲೆಂಡರಿನ ಪುಟ, ಫ್ಲಾರೆನ್ಸಿನ ದೊಡ್ಡ ಚರ್ಚಿನ ಗುಮ್ಮಟದ ಚಿತ್ರ. ವರ್ಷ ಮುಗಿದರೂ ಅದು ನಮ್ಮ ಅಡುಗೆಮನೆಯಲ್ಲಿ ತೂಗುತ್ತಿತ್ತು. ಅದನ್ನು ಹರಿದು ಇಟಲಿಯವರೆಗೆ ತಂದಿದ್ದಳು, ನಮಗೆ ಹೇಳದೆ. ತೋರಿಸಿದ್ದು ರೊಸಾನ್ನಾಳಿಗೆ.

ರೊಸಾನ್ನಾ ನನ್ನ ಕಡೆ ತಿರುಗಿದಳು. "ಮೂರು ದಿನ ಕಿಟಕಿಯಲ್ಲಿ ನಿಂತು ನಿನ್ನ ತಾಯಿ ರೈಲು ನೋಡಿದ್ದಾಳೆ. ನೀನು ಕೇಳಲೇ ಇಲ್ಲವೇ?" ಎಂದು ತನ್ನ ಇಂಗ್ಲಿಷಿನಲ್ಲಿ ಕೇಳಿದಳು.

"ಕೇಳಿದೆ. ಬೇಡ ಅಂದಳು," ಎಂದೆ.

"ನನಗೂ ಬೇಡ ಅಂದಳು." ನಾಲ್ಕು ಬೆರಳು ಎತ್ತಿ ತೋರಿಸಿದಳು. "ನಾಲ್ಕನೇ ಸಲಕ್ಕೆ ಬೂಟು ಹಾಕಿಕೊಂಡಳು."

ನಮ್ಮ ಮನೆಗಳಲ್ಲಿ ಉಣ್ಣುವವರು ಸಾಕು ಅಂದರೆ ಯಾರೂ ಬಿಡುವುದಿಲ್ಲ. ಕೈ ಅಡ್ಡ ಹಿಡಿದರೂ ಇನ್ನೊಂದು ರೊಟ್ಟಿ ಬೀಳುತ್ತದೆ. ಮೊದಲ ‘ಬೇಡ’ ಎಂಬುದು ಮರ್ಯಾದೆಯ ಮಾತು ಎಂದು ಚಿಕ್ಕಂದಿನಿಂದ ನೋಡಿ ಬೆಳೆದವನು ನಾನು. ಅವ್ವನ ‘ಬೇಡ’ವನ್ನು ಮಾತ್ರ ಪ್ರಯೋಗಾಲಯದ ಫಲಿತಾಂಶದ ಹಾಗೆ ಬರೆದುಕೊಂಡುಬಿಟ್ಟಿದ್ದೆ.

ಇನ್ನೂ ಒಂದು ನೆನಪಾಯಿತು. ದವಾಖಾನೆಗೆ, ಪರೀಕ್ಷೆಗೆ, ವರ ನೋಡಲಿಕ್ಕೆ ಎಂದು ವಿಜಾಪುರದಿಂದ ಬಂದ ನೆಂಟರೆಲ್ಲ ಇಳಿಯುತ್ತಿದ್ದದ್ದು ನಮ್ಮ ನಾಚಾರಂ ಮನೆಯಲ್ಲಿ. ಬೆಳಿಗ್ಗೆ ಉಪ್ಪಿಟ್ಟು ತಿಂದು ಊರು ನೋಡಲು ಹೋಗುತ್ತಿದ್ದರು, ಸಂಜೆ ಬಂದು ಅವ್ವನಿಗೆ ಊರಿನ ವರ್ಣನೆ ಮಾಡುತ್ತಿದ್ದರು. ಅವಳು ಅಷ್ಟು ವರ್ಷದಲ್ಲಿ ಮೂಸಿ ನದಿ ದಾಟಿ ಚಾರ್‌ಮಿನಾರ್ ನೋಡಿದ್ದನ್ನು ನಾನು ಕಂಡಿಲ್ಲ. ಕೋಠಿಗೆ ಹೋದರೆ ಆಗಿನ್ನೂ ಇದ್ದ ಅಪ್ಪನ ಔಷಧಿಗೆ.

ಮನೆಗೆ ಬಂದು ಗುಳಿಗೆ ನುಂಗಿದ ಮೇಲೆ ವಿಜಯಾ ಕೇಳಿದಳು, "ಹೆಂಗಿತ್ರಿ ಅತ್ತಿ ಗುಮ್ಮಟ?"

ಅವ್ವ ನೀರಿನ ಲೋಟ ಕೆಳಗಿಟ್ಟಳು. "ಛಲೋ ಐತಿ. ಮ್ಯಾಲ ಚಿತ್ರಾನೂ ಭಾಳ ಬರದಾರ. ಆದ್ರ ನಮ್ಮ ಗೋಲಗುಮ್ಮಟದಂಗ ಮಾತು ಹೊಳ್ಳಿ ಬರೂದಿಲ್ಲ ನೋಡು. ನಾ ಕರದು ನೋಡಿದೆ."

"ಏನಂತ ಕರದ್ರಿ?"

"ಇವನ ಹೆಸರು. ಮತ್ತೇನಂತ ಕರೀಲಿ?"

ಮರುದಿನ ನಾಲ್ವರೂ ಕೂಡಿ ಫ್ಲಾರೆನ್ಸಿಗೆ ಹೋದೆವು. ಯಾವ ಮೆಟ್ಟಿಲು ತಂಪಾಗಿರುತ್ತದೆ, ನೀರಿನ ನಲ್ಲಿ ಎಲ್ಲಿದೆ ಎಂದು ಅವ್ವನೇ ನಮಗೆ ತೋರಿಸಿದಳು.

ಈಗ ಆ ಒಂದು ಮಾತಿಗೆ ಬರುತ್ತೇನೆ. ಎರಡನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು "ಅವ್ವಾ, ನೀನೂ ಬಾ" ಎಂದು ನಾನು ಕರೆದ ನೆನಪಿದೆ. ಕೈಯಲ್ಲಿ ಕೊಡೆ ಇದ್ದದ್ದೂ ನೆನಪಿದೆ. ವಿಜಯಾ ಹೇಳುವ ಪ್ರಕಾರ ಒಂದು ದಿನವೂ ನಾನು ಕರೆಯಲಿಲ್ಲ. ನಾವು ಕೇಳುವ ಮೊದಲೇ ಅವ್ವ ಬೇಡ ಅನ್ನುತ್ತಿದ್ದಳು, ನಾನು "ಆತು" ಅನ್ನುತ್ತಿದ್ದೆ. ಕೊಡೆಯನ್ನಂತೂ ನಾವು ಒಯ್ದೇ ಇರಲಿಲ್ಲವಂತೆ.

ಹೈದರಾಬಾದಿಗೆ ಬಂದ ಮೇಲೆ ಒಂದು ಭಾನುವಾರ ತಡೆಯಲಾರದೆ ಅವ್ವನನ್ನೇ ಕೇಳಿದೆ. ನಾನು ಹುಟ್ಟಿದ ದಿನ ಯಾವ ಸೊಪ್ಪಿನ ಪಲ್ಯ ಮಾಡಿದ್ದಳು ಎಂಬುದನ್ನೂ ಹೇಳಬಲ್ಲವಳು ಅವಳು.

"ಅವ್ವಾ, ಅಲ್ಲಿ ನಾ ನಿನ್ನ ಕರದಿದ್ನೋ ಇಲ್ಲೋ?"

ಅವ್ವ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಕರದಿದ್ದಿ ಬಿಡೋ. ನಾನ ಒಲ್ಲೆ ಅಂದೆ."

"ಅತ್ತಿ, ಮಗನ ಸಲುವಾಗಿ ಸುಳ್ಳ ಹೇಳಬ್ಯಾಡ್ರಿ," ಎಂದಳು ಒಳಗಿನಿಂದ ವಿಜಯಾ.

ಅವ್ವ ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಆಚೆ ಎಸೆದಳು. ನನ್ನ ಮುಖ ಮಾತ್ರ ನೋಡಲಿಲ್ಲ.

ನನ್ನ ಪರವಾಗಿ ಇರುವ ಸಾಕ್ಷಿ ಅವ್ವನ ಆ ಮಾತೊಂದೇ. ಅದನ್ನು ನಂಬುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.